ಡಾಂಬರಿನ ಮೇಲಿನ ರಾಶಿ

ಕೊಟ್ರಬಸಪ್ಪ ನನಗೆ ಭಾವ, ನನ್ನ ಗಂಡನ ಅಣ್ಣ. ಬಹುವಚನ ಹಚ್ಚಿ ಹೇಳಬೇಕು. ಆದರೆ ಈ ವಿಷಯ ಹೇಳುವಾಗ ನನ್ನ ಬಾಯಿಗೆ ಅದು ಬರುವುದಿಲ್ಲ, ಏನು ಮಾಡಲಿ.

ನಾಲೆ ತೋಡಿ ಹೊಲಕ್ಕೆ ಚಾನಲ್ ನೀರು ಬರುವವರೆಗೆ ಅವನು ಎಲ್ಲರ ಹಾಗೆ ರಾಗಿ ಬೆಳೆದು ಉಂಡುಕೊಂಡಿದ್ದ ಮನುಷ್ಯ. ಆಮೇಲೆ ಉಬ್ರಾಣಿ ಕಡೆಯ ತೋಟಗಳನ್ನು ನೋಡಿಕೊಂಡು ಬಂದ. ಬಂದವನೇ ಮನೆ ಹಿಂದಿನ ಕಣವನ್ನು ಅಗೆಸಿ ಅಡಿಕೆ ಸಸಿ ನೆಟ್ಟ. ಅಜ್ಜನ ಕಾಲದಿಂದ ಕಲ್ಲಿನ ಗುಂಡು ಹೊಡೆದು, ಸಗಣಿ ಸಾರಿಸಿ ಗಟ್ಟಿಯಾಗಿದ್ದ ನೆಲ ಅದು. ಗುದ್ದಲಿ ಹಿಡಿದ ಆಳುಗಳೇ ಬೈದುಕೊಂಡರು.

"ವರ್ಷಕ್ಕೆ ನಾಕು ದಿನ ಬೇಕಾಗೋ ಜಾಗನ, ಉಳಿದ ದಿನ ನಾಯಿ ಮಲಗಾಕೆ ಬಿಡಬೇಕೇನು?" ಎಂದ ಈ ಜಾಣ.

ಹೊಲದ ಕಡೆ ಇನ್ನೂ ರಾಗಿ ಇತ್ತಲ್ಲ, ಅದನ್ನು ಒಕ್ಕುವುದೆಲ್ಲಿ? ಅದಕ್ಕೂ ಅವನ ಹತ್ತಿರ ಉತ್ತರವಿತ್ತು. ಮನೆ ಮುಂದೆಯೇ ಹೊನ್ನಾಳಿಗೆ ಹೋಗುವ ರಸ್ತೆ, ಆಗಷ್ಟೇ ಡಾಂಬರು ಕಂಡಿತ್ತು. ತೆನೆಯನ್ನು ಅದರ ಮೇಲೆ ಹರಡಿಸಿದ. ಬಸ್ಸು, ಲಾರಿ ತುಳಿದುಕೊಂಡು ಹೋದವು. "ಎತ್ತಿಗಾದ್ರೆ ಹುಲ್ಲು ಹಾಕಬೇಕು, ಬಸ್ಸಿಗೆ ಏನು ಹಾಕಬೇಕು?" ಎಂದು ಎದುರಿಗಿದ್ದ ಬಡೇಸಾಬರ ಟೀ ಅಂಗಡಿಯಲ್ಲಿ ಕೂತು ಕಂಡಕಂಡವರಿಗೆ ಹೇಳಿದ. ದೊಡ್ಡ ಶೋಧ ಮಾಡಿದವನ ಗತ್ತು.

ಅಂಜಮ್ಮ ಒಬ್ಬಳು ಈ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಕಣ ಸಾರಿಸಿ ಗುಡಿಸುತ್ತಿದ್ದವಳು ಅವಳೇ, ಅವಳಿಗಿಂತ ಮುಂಚೆ ಅವಳ ಅತ್ತೆ. ರಾಶಿ ಅಳೆದ ಮೇಲೆ ನೆಲಕ್ಕೆ ಉಳಿದ ಕಾಳೆಲ್ಲ ಗುಡಿಸಿದವಳ ಪಾಲು. ನಮ್ಮ ಮಾವ ಇದ್ದಾಗ ಕೊನೆಗೆ ಬೇಕೆಂದೇ ಕೈ ತಡೆದು, ದಪ್ಪಗೆ ಒಂದು ಪದರ ಬಿಟ್ಟು ಏಳುತ್ತಿದ್ದರು. ಆ ರಾಗಿಯ ಮೇಲೆಯೇ ಅಂಜಮ್ಮ ಮತ್ತು ತಾಯಿಯಿಲ್ಲದ ಅವಳ ಮೊಮ್ಮಗಳು ಮಳೆಗಾಲ ದಾಟುತ್ತಿದ್ದರು. ಬೇರೆ ಆಸರೆ ಇರಲಿಲ್ಲ.

ಕಣ ಹೋದರೂ ಅವಳು ಬರುವುದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ತೆನೆ ಹರಡುವ ಮುಂಚೆ ಬಂದು ಡಾಂಬರನ್ನೇ ಗುಡಿಸಿ ಕೊಟ್ಟಳು. ಗುಡಿಸುವಾಗ ಬೇಡ ಎನ್ನಲಿಲ್ಲ ಭಾವ. ರಾಶಿ ಮಾಡಿದ ದಿನ ಮೊರ, ಪೊರಕೆ ಹಿಡಿದು ಬದಿಗೆ ನಿಂತಳು. ಆಗ ಅವನಿಗೆ ಬಾಯಿ ಬಂತು.

"ಕಣನೇ ಇಲ್ಲ, ಕಣದ ಪಾಲು ಎಲ್ಲಿಂದ ಬರ್ತೈತೆ ಅಂಜಮ್ಮ? ಇದು ಸರ್ಕಾರದ ರೋಡು."

ಅಂಜಮ್ಮ ರಾಶಿ ನೋಡಿದಳು. ತುದಿಯಲ್ಲಿ, ಕಣದ ರಾಶಿಗೆ ಇಡುವ ಹಾಗೆಯೇ, ಗರಿಕೆ ಸಿಕ್ಕಿಸಿದ ಸಗಣಿ ಬೆನಕ ಕೂತಿದ್ದ. ಆಮೇಲೆ ಭಾವನ ಕಾಲು ನೋಡಿದಳು.

"ಹಂಗಾದ್ರೆ ಚಪ್ಲಿ ಯಾಕೆ ಬಿಟ್ಟೀರಿ ಗೌಡ್ರೆ?"

ಅವನೂ ಬಗ್ಗಿ ನೋಡಿಕೊಂಡ. ಬರಿಗಾಲು. ಹೊಸ ಚಪ್ಪಲಿ ಮೋರಿಯ ಕಟ್ಟೆಯ ಹತ್ತಿರ ಜೋಡಿಯಾಗಿ ಕೂತಿತ್ತು. ಕಣಕ್ಕೆ ಇಳಿಯುವಾಗ ಬಿಡುವ ಹಾಗೆಯೇ, ಗೊತ್ತಿಲ್ಲದೆ ಬಿಟ್ಟಿದ್ದ. ಆಗಷ್ಟೇ ಮೊದಲ ಕೊಳಗ ಅಳೆಯುವಾಗ, ಕಣದ ರೂಢಿಯಂತೆ ಒಂದು ಎನ್ನುವ ಕಡೆ "ಲಾಭ" ಎಂದು ಕೂಗಿದ್ದನ್ನೂ ಎಲ್ಲರೂ ಕೇಳಿದ್ದರು. ಟೀ ಅಂಗಡಿಯಲ್ಲಿ ನಗು ಎದ್ದಿತು. ನಾನೂ ನಕ್ಕೆ, ಹೊಟ್ಟೆ ತಣ್ಣಗಾಗುವಷ್ಟು ನಕ್ಕೆ. ಸಿಕ್ಕಿಬಿದ್ದನಲ್ಲ ಎಂದುಕೊಂಡೆ.

"ಒಂದು ಮೊರ ಹಾಕಿ ಕಳಿಸ್ರಿ, ಏನು ಕಮ್ಮಿ ಆಗ್ತೈತೆ," ಎಂದಳು ಅವನ ಹೆಂಡತಿ ಪ್ರೇಮಮ್ಮ.

ಅಷ್ಟು ಮಾಡಿದ್ದರೆ ಮುಗಿಯುತ್ತಿತ್ತು. ನಗುವವರ ಜೊತೆ ಅವನೂ ನಕ್ಕಿದ್ದರೆ ನಾನೇ ಇವತ್ತು ಬಹುವಚನದಲ್ಲಿ ಹೇಳುತ್ತಿದ್ದೆ. ಅವನು ಮೋರಿಯ ಹತ್ತಿರ ಹೋದ. ಚಪ್ಪಲಿ ಮೆಟ್ಟಿಕೊಂಡ. ತಿರುಗಿ ಬಂದು, ರಾಶಿಯ ಅಂಚಿಗೆ ಹರಡಿದ್ದ ರಾಗಿಯ ಮೇಲೆಯೇ ಎರಡೂ ಕಾಲಿಟ್ಟು ನಿಂತ. ಕಾಲಡಿಯಲ್ಲಿ ಕಾಳು ಕರಕರ ಎಂದಿತು.

"ಈಗ ನೋಡು. ಕಣ ಐತಾ?"

ಯಾರೂ ನಗಲಿಲ್ಲ. ಬಡೇಸಾಬರು "ತೋಬಾ" ಎಂದು ಮೆಲ್ಲಗೆ ಹೇಳಿ ಒಲೆಯ ಕಡೆ ತಿರುಗಿಕೊಂಡರು. ಪ್ರೇಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗೆ ಅನ್ನದ ಮೇಲೆ ಕಾಲಿಟ್ಟದ್ದು ಕಂಡು ಹೇಸಿಗೆಯಾಯಿತು.

ಅಂಜಮ್ಮ ಜಗಳ ಆಡಲಿಲ್ಲ. ಮುಂದೆ ಬಂದು ರಾಶಿಯ ಮೇಲಿದ್ದ ಬೆನಕನನ್ನು ಎತ್ತಿ ಮೊರದಲ್ಲಿ ಇಟ್ಟುಕೊಂಡಳು.

"ರೋಡಿನ ಮ್ಯಾಲೆ ಇವನಿಗೇನು ಕೆಲ್ಸ," ಎಂದಳು. ಹೊರಟುಹೋದಳು. ಮಳೆಗಾಲಕ್ಕೆ ಮುಂಚೆ ಮೊಮ್ಮಗಳನ್ನು ಕರೆದುಕೊಂಡು ಚನ್ನಗಿರಿ ಕಡೆಯ ತೋಟಗಳಿಗೆ ಕೂಲಿಗೆ ಹೋದವಳು, ತಿರುಗಿ ಬರಲಿಲ್ಲ.

ಮರುವರ್ಷ ಊರವರೆಲ್ಲ ರಸ್ತೆಗೇ ಬಂದರು. ಭಾವನ ಹಾಗೆ ಅವರೂ ಚಪ್ಪಲಿಯಲ್ಲೇ ನಿಂತರು, ನನ್ನ ಗಂಡನೂ ನಿಂತ. ಬೆನಕ ಇಲ್ಲ, ಗುಡಿಸುವವಳಿಲ್ಲ, ಪಾಲು ಕೇಳುವವರಿಲ್ಲ. ಎಲ್ಲವನ್ನೂ ಬಿಟ್ಟರು. ಅಳೆಯಲು ಕೂತಾಗ ಮಾತ್ರ ಇವತ್ತಿಗೂ ಒಬ್ಬನೂ ಒಂದು ಎನ್ನುವುದಿಲ್ಲ. ಕಾಳು ತುಳಿದುಕೊಂಡೇ, ಮೊದಲ ಕೊಳಗಕ್ಕೆ "ಲಾಭ" ಎನ್ನುತ್ತಾರೆ.