ಅಪ್ಪಣೆ ಕೇಳುವವಳು

ಕಂದು ಕುದುರೆ ಅಲುಗಾಡದೆ ನಿಂತಿತ್ತು. ಪಳಗಿಸುವವಳು ಬರುವ ಮೊದಲೇ ಯಜಮಾನ ಆಳುಗಳಿಂದ ಅದಕ್ಕೆ ಜೀನು ಬಿಗಿಸಿದ್ದ. ಬೇಲಿಯಾಚೆ ಅವನ ಜೊತೆ ಕುದುರೆ ಕೊಳ್ಳಲು ಬಂದ ಗಿರಾಕಿ ನಿಂತಿದ್ದ. ಸ್ವಲ್ಪ ದೂರದಲ್ಲಿ ಅವಳ ಅಪ್ಪ. ಅವನೂ ಅದೇ ಲಾಯದಲ್ಲಿ ಕುದುರೆ ಪಳಗಿಸುವವನು.

"ನೋಡಿ, ಎಷ್ಟು ಸಾಧು! ಹತ್ತಮ್ಮಾ, ತೋರಿಸು" ಎಂದ ಯಜಮಾನ.

ಅವಳು ಹತ್ತಲಿಲ್ಲ.

ಆ ಲಾಯದಲ್ಲಿ ಎಲ್ಲರ ಲೆಕ್ಕಾಚಾರ ಒಂದೇ: ಒದೆಯುವ ಕುದುರೆ ಪಳಗಿಲ್ಲ, ಸುಮ್ಮನೆ ನಿಂತ ಕುದುರೆ ಪಳಗಿದೆ. ಅದನ್ನು ಕಲಿಸಿದವನು ಅವಳ ಅಪ್ಪನೇ. ಕುದುರೆಯ ಮುಂಗಾಲೊಂದನ್ನು ಮಡಿಸಿ ತೊಗಲ ಪಟ್ಟಿಯಿಂದ ಬಿಗಿಯುತ್ತಿದ್ದ. ಅದು ಮೂರು ಕಾಲಲ್ಲಿ ಕುಪ್ಪಳಿಸಿ, ಬೆವರಿ, ಸೋತು ನಿಂತ ಮೇಲೆ ಹತ್ತುತ್ತಿದ್ದ. ಹಾಗೆ ಪಳಗಿದ ಒಂದು ಕುದುರೆ ಬಹಳ ಕಾಲ ತೆಪ್ಪಗಿದ್ದು, ಒಂದು ದಿನ ಸವಾರನನ್ನು ಗೋಡೆಗೆ ಅಪ್ಪಳಿಸಿತ್ತು. ಅದರ ತಲೆ ಕೆಟ್ಟಿತ್ತು ಎಂದು ಅಪ್ಪ ಇಂದಿಗೂ ಹೇಳುತ್ತಾನೆ. ಮಗಳು ನಂಬಿರಲಿಲ್ಲ.

ಅವಳ ಕ್ರಮ ನಿಧಾನದ್ದು. ಜೀನನ್ನು ಅಂಗಳದಲ್ಲಿಟ್ಟು, ಕುದುರೆ ತಾನಾಗಿ ಬಂದು ಮೂಸುವವರೆಗೆ ಕಾಯುತ್ತಿದ್ದಳು. ಬೆನ್ನ ಮೇಲಿಟ್ಟ ನಂತರವೂ ಕಿವಿ ತನ್ನ ಕಡೆ ತಿರುಗಬೇಕು, ದವಡೆ ಸಡಿಲವಾಗಬೇಕು. ಅಲ್ಲಿಯವರೆಗೆ ಹತ್ತುವ ಮಾತಿಲ್ಲ. ಲಾಯದವರು ಅವಳಿಗೆ 'ಅಪ್ಪಣೆ ಕೇಳೋಳು' ಎಂದು ಹೆಸರಿಟ್ಟಿದ್ದರು.

ಈಗ ಕುದುರೆಯ ಕಿವಿ ಸೆಟೆದಿತ್ತು. ದವಡೆ ಬಿಗಿದಿತ್ತು. ಕಣ್ಣಿನ ಬಿಳುಪು ಕಾಣುತ್ತಿತ್ತು.

"ಇವತ್ತು ಆಗಲ್ಲ" ಎಂದಳು.

"ಆಗಲ್ಲ ಅಂದ್ರೆ? ಹಸು ಥರ ನಿಂತಿದೆಯಲ್ಲ!"

"ಹೆದರಿ ನಿಂತಿದೆ, ಯಜಮಾನ್ರೇ."

ಅಪ್ಪ ನಕ್ಕ. "ಇನ್ನೂ ಅಪ್ಪಣೆ ಆಗಿಲ್ವಂತೆ. ಕುದುರೆ ಊಟ ಮುಗಿಸಿ ಯೋಚನೆ ಮಾಡುತ್ತಂತೆ."

ಗಿರಾಕಿಯೂ ನಕ್ಕ. ಯಜಮಾನನ ಮುಖ ಕೆಂಪಾಯಿತು. "ಹಿರಿಯರೇ, ನೀವೇ ನಿಮ್ಮ ಪದ್ಧತೀಲಿ ಮುಗಿಸಿಬಿಡಿ."

ಅಪ್ಪ ಹೆಗಲ ಮೇಲಿದ್ದ ಪಟ್ಟಿ ತೆಗೆದುಕೊಂಡು ಒಳಗೆ ಬಂದ. ಮಗಳು ಕುದುರೆಯ ಮುಂದೆ ನಿಂತಳು.

"ಪಕ್ಕಕ್ಕೆ ಹೋಗು."

"ಹೋಗಲ್ಲ."

"ನಿನಗೆ ಕುದುರೆ ಹತ್ತೋದು ಕಲಿಸಿದ್ದೇ ನಾನು ಕಣೇ!"

"ಹೌದಪ್ಪ. ಬೀಳೋದೂ ನೀನೇ ಕಲಿಸಿದ್ದು. ಎರಡು ಹಲ್ಲು ಹೋಯ್ತು."

"ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಡ."

"ಇದರ ಕಾಲು ಕಟ್ಟಿದ್ರೇನೇ ಉಳಿಯೋ ಮರ್ಯಾದೆ ಎಂಥದ್ದಪ್ಪ?"

ಅವಳು ಅಪ್ಪನಿಗೆ ಬೆನ್ನು ಹಾಕಿ, ಹೊಟ್ಟೆಪಟ್ಟಿ ಬಿಚ್ಚಿ, ಜೀನು ಇಳಿಸಿದಳು. ಕುದುರೆ ಚಂಗನೆ ಹಾರಿ ಅಂಗಳದ ಮೂಲೆಗೆ ಓಡಿತು. ಬೇಲಿಗೆ ಒರಗಿದ್ದ ಗಿರಾಕಿ ಹಿಂದೆ ಸರಿದ. ಇನ್ನೊಮ್ಮೆ ಬರುತ್ತೇನೆಂದು ಗೊಣಗಿ ಹೊರಟೇಹೋದ.

"ಹಿರಿಯರೇ, ಏನು ನೋಡ್ತಾ ಇದ್ದೀರಿ? ಕಟ್ಟಿ!" ಯಜಮಾನ ಕೂಗಿದ.

ಅಪ್ಪ ಮಗಳನ್ನು ನೋಡಿದ, ಕುದುರೆಯನ್ನು ನೋಡಿದ. "ನನ್ನ ಕೈಲಿ ಆಗಲ್ಲ. ಸೊಂಟ ನೋವು." ಬೆಳಗ್ಗೆ ತಾನೇ ಅವನು ಇನ್ನೊಂದು ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿ ಬಂದಿದ್ದ.

"ಅಪ್ಪ-ಮಗಳು ಸೇರಿ ನಾಟಕ ಆಡ್ತೀರಾ? ಬೇರೆಯವರನ್ನ ಕರೆಸ್ತೀನಿ. ನೀನು ನಾಳೆಯಿಂದ ಬರಬೇಡ."

"ಕರೆಸಿ. ಅವರಿಗೂ ಇಲ್ಲೇ ನಿಂತು ಇದನ್ನೇ ಹೇಳ್ತೀನಿ."

"ಕೆಲಸ ಇಲ್ಲದೋಳಿಗೆ ಇಲ್ಲೇನು ಕೆಲಸ?"

"ಕಾಯೋದು. ಇಷ್ಟು ದಿನ ಮಾಡಿದ್ದೂ ಅದೇ."

ಯಜಮಾನ ಗೇಟು ಬಡಿದು ಹೋದ. ಸದ್ದಿಗೆ ಕುದುರೆ ಬೆಚ್ಚಿತು. ಅವಳು ಕದಲಲಿಲ್ಲ. ಅಂಗಳದ ನಡುವೆ, ಕುದುರೆಗೆ ಕಾಣುವಂತೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಅಪ್ಪ ತನ್ನ ಟೋಪಿ ತೆಗೆದು ಅವಳ ಕಡೆ ಎಸೆದ. "ಬಿಸಿಲಲ್ಲಿ ಬೇಯಬೇಡ, ಹಟಮಾರಿ."