ಸರ್ವೇಯರ್ ತಿಂದ ದೋಸೆ

"ಕ್ಲೇಮ್ ಮಾಡಿದವರ ಮನೇಲಿ ನೀರೂ ಕುಡೀಬೇಡ. ನಿನ್ನ ಕಾಗದಕ್ಕೆ ಸಹಿ ಹಾಕೋನು ನಾನು, ನೆನಪಿರಲಿ," ಎಂದರು ದಕ್ಷಿಣಾಮೂರ್ತಿ ಕಾರಿನಲ್ಲೇ ಕುಳಿತು. ಮಯೂರ್ ವಿಹಾರ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಕಳೆದ ವಾರ ವೋಲ್ಟೇಜ್ ಒಮ್ಮೆಲೇ ಏರಿ ಲಿಫ್ಟೂ ಸುಟ್ಟುಹೋಗಿತ್ತು. ಅವರ ಮಂಡಿಗೆ ನಾಲ್ಕನೇ ಮಹಡಿ ಆಗಿಬರುವಂಥದ್ದಲ್ಲ.

ರಘುನಂದನ ಒಬ್ಬನೇ ಹತ್ತಿದ. ಊರು ಬಿಟ್ಟು ದೇಶದ ರಾಜಧಾನಿಗೆ ಬಂದು, ಓಲ್ಡ್ ರಾಜಿಂದರ್ ನಗರದ ಕೋಚಿಂಗ್‌ಗಳಲ್ಲಿ ಐಎಎಸ್‌ಗೆ ಓದಿ ಓದಿ ಸುಸ್ತಾಗಿ, ಈಗ ವಿಮಾ ಸರ್ವೇಯರ್ ಆಗಲು ಅವರ ಕೈಕೆಳಗೆ ತರಬೇತಿಯಲ್ಲಿದ್ದ. ಇದೇ ಕೊನೆಯ ತಪಾಸಣೆ. ಸಹಿ ಬಿದ್ದರೆ ಲೈಸೆನ್ಸಿಗೆ ದಾರಿ; ಇಲ್ಲವಾದರೆ ಊರಿನಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಬೇಕು.

ಬಾಗಿಲು ತೆರೆದ ಮನೆಯೊಡತಿ ಪದ್ಮಾ ಅವನ ಹಿಂದಿಯ ಧಾಟಿ ಕೇಳುತ್ತಲೇ ಕಣ್ಣರಳಿಸಿದರು. "ಕನ್ನಡದೋನಾ? ಅಯ್ಯೋ, ಮೊದಲೇ ಹೇಳಬಾರದಾ!"

ಟಿವಿ ನಿಜವಾಗಿಯೂ ಸುಟ್ಟಿತ್ತು, ಫ್ರಿಜ್ಜೂ ಸುಟ್ಟಿತ್ತು. ಕ್ಲೇಮ್ ಪಟ್ಟಿಯಲ್ಲಿ ಉಳಿದದ್ದು ಗ್ರೈಂಡರ್. "ಅದೂ ಅವತ್ತೇ ಹೋಯ್ತಪ್ಪ. ಆಮೇಲೆ ನೋಡುವೆಯಂತೆ, ಮೊದಲು ಕೂತ್ಕೋ," ಎಂದು ಅವರು ಅಡುಗೆಮನೆ ಸೇರಿದರು. ಕಾವಲಿ ಚುಂಯ್ ಎಂದಿತು. ವರ್ಷಗಟ್ಟಲೆ ಮೆಸ್ಸಿನ ರಾಜ್ಮಾ ತಿಂದು ಬದುಕಿದವನಿಗೆ ಗುರುಗಳ ಮಾತು ನೆನಪಾಗದೆ ಇರಲಿಲ್ಲ. ಆದರೆ ಅವರು ನೀರು ಎಂದಿದ್ದರು, ದೋಸೆ ಎಂದಿರಲಿಲ್ಲ.

ಮೂರನೆಯ ದೋಸೆಯ ಹೊತ್ತಿಗೆ ತಲೆ ಕೆಲಸ ಮಾಡತೊಡಗಿತು. ಇಷ್ಟು ಹದವಾಗಿ ಹುಳಿ ಬಂದ ಹಿಟ್ಟು ನಿನ್ನೆ ರುಬ್ಬಿದ್ದು. ಗ್ರೈಂಡರ್ ಹೋದದ್ದು ಕಳೆದ ವಾರ.

ಇಷ್ಟು ಪ್ರೀತಿಯಿಂದ ಬಡಿಸಿದ ಹೆಂಗಸನ್ನು ಹೇಗಾದರೂ ಉಳಿಸಬೇಕೆನಿಸಿತು. "ಆಂಟಿ, ಹಿಟ್ಟು ಅಂಗಡೀದಲ್ವಾ? ಪ್ಯಾಕೆಟ್ಟು?" ಎಂದ. ಅವರು ಹೂಂ ಎಂದಿದ್ದರೆ ಸಾಕಿತ್ತು.

ಪದ್ಮಾ ಸೌಟು ಹಿಡಿದೇ ಹೊರಬಂದರು. "ಪ್ಯಾಕೆಟ್ಟಾ? ನನ್ನ ಮನೇಲಾ? ನಿನ್ನೆ ನಾನೇ ಗ್ರೈಂಡರಿಗೆ ಹಾಕಿ..." ಎಂದವರು ಅಲ್ಲಿಗೇ ನಿಂತರು.

ಸೌಟು ಕೆಳಗಿಟ್ಟು ಮೆಲ್ಲಗೆ, "ನಮ್ಮನೆಯವರು ಸೇರಿಸಿದ್ದು. ಬೇಡ ಅಂದೆ, ಕೇಳಲಿಲ್ಲ. ಏನು ಬೇಕಾದ್ರೂ ಬರ್ಕೋ, ಪ್ಯಾಕೆಟ್ ಹಿಟ್ಟು ಅಂತ ಮಾತ್ರ ಬರೀಬೇಡ," ಎಂದರು.

ಕೆಳಗೆ ದಕ್ಷಿಣಾಮೂರ್ತಿ ವರದಿ ಓದಿದರು. "ಗ್ರೈಂಡರ್ ಸರಿಯಾಗಿದೆ ಅಂತ ಹೇಗೆ ಗೊತ್ತಾಯ್ತು?"

ಸ್ವಿಚ್ ಹಾಕಿ ನೋಡಿದೆ ಎಂದರೆ ಮುಗಿಯುತ್ತಿತ್ತು. ಆದರೆ ಇಷ್ಟು ದಿನ ಬೇರೆಯವರ ಸುಳ್ಳು ಹಿಡಿಯುವುದನ್ನೇ ಕಲಿತವನಿಗೆ ಸ್ವಂತ ಸುಳ್ಳು ಬಾಯಿಗೆ ಬರಲಿಲ್ಲ. ಮೊಳೆಗಳು ಕಣ್ಣಮುಂದೆ ಬಂದವು. "ದೋಸೆ ತಿಂದೆ, ಸರ್."

"ಸ್ವಿಚ್ಚು ಗಿಚ್ಚು ಅಂದಿದ್ರೆ ಇಲ್ಲೇ ಇಳಿಸಿಬಿಡ್ತಿದ್ದೆ," ಎಂದರು ಅವರು. "ಮೀಸೆ ಒರೆಸ್ಕೋ. ಚಟ್ನಿ ಇದೆ."

ಅಷ್ಟರಲ್ಲಿ ತರಕಾರಿಗೆಂದು ಇಳಿಬಿಡುವ ಹಗ್ಗದ ಬುಟ್ಟಿ ಕಾರಿನ ಕಿಟಕಿಯ ಪಕ್ಕ ಬಂದು ನಿಂತಿತು. ಒಳಗೊಂದು ಬಿಸಿ ಸ್ಟೀಲ್ ಡಬ್ಬಿ. ಮೇಲಿನಿಂದ ಪದ್ಮಾ ಅವರ ದನಿ ಬಂತು: "ಸಾರ್‌ಗೂ ಕೊಡಪ್ಪಾ!"

ದಕ್ಷಿಣಾಮೂರ್ತಿ ಬುಟ್ಟಿಯ ಕಡೆ ನೋಡಲಿಲ್ಲ. ಮೊದಲು ವರದಿಗೆ ಸಹಿ ಹಾಕಿದರು, ಆಮೇಲೆ ತರಬೇತಿಯ ಕಾಗದಕ್ಕೆ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ನಂತರ ಕಿಟಕಿಯ ಗಾಜು ಇಳಿಸಿದರು.

ಖಾಲಿ ಬುಟ್ಟಿ ತೂಗಾಡುತ್ತ ಮೇಲಕ್ಕೆ ಹೋಯಿತು.