ಚುಂಗಿನಲ್ಲಿ ಬೆಲ್ಲ

ನಾನು ಒಂದು ಹೆಗಲ ವಸ್ತ್ರ. ರಬಕವಿಯ ಮಗ್ಗದಲ್ಲಿ ಹುಟ್ಟಿದಾಗ ನನ್ನದು ಹಾಲಿನ ಬಣ್ಣ, ಕೆಂಪು ಅಂಚು. ಮದುವೆಯ ಉಡುಗೊರೆಯಾಗಿ ಬರಮಪ್ಪನ ಹೆಗಲೇರಿದೆ. ನನ್ನ ಬಾಳಿನ ಒಳ್ಳೆಯ ದಿನ ಅದೊಂದೇ.

ಬರಮಪ್ಪ ಹುಬ್ಬಳ್ಳಿಯ ಹೊರಗೆ ಒಂದು ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ. ಮೂಗು ಬಾಯಿಗೆ ನನ್ನನ್ನೇ ಸುತ್ತಿಕೊಳ್ಳುತ್ತಿದ್ದ. ಬೂದು ಧೂಳು ನನ್ನ ಎಳೆ ಎಳೆಯಲ್ಲೂ ಕೂತಿತು. ಧೂಳಿಗೆ ಮದ್ದೆಂದು ಮಾಲೀಕ ಸಂಜೆ ಎಲ್ಲರಿಗೂ ಒಂದೊಂದು ಹೆಂಟೆ ಬೆಲ್ಲ ಹಂಚುತ್ತಿದ್ದ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! "ಬೆಲ್ಲ ತಿಂದ್ರ ಒಳಗಿನ ಧೂಳೆಲ್ಲಾ ತೊಳಕೊಂಡು ಹೋಗತೈತಿ" ಎಂದು ಆಳುಗಳೂ ನಂಬಿದ್ದರು. ಬರಮಪ್ಪ ಅರ್ಧ ತಿಂದು, ಉಳಿದರ್ಧವನ್ನು ನನ್ನ ತುದಿಯ ಚುಂಗಿನಲ್ಲಿ ಗಂಟು ಕಟ್ಟುತ್ತಿದ್ದ. ಬಾಗಿಲಲ್ಲೇ ಕಾದಿರುತ್ತಿದ್ದ ಮಗಳು ಪಾರಿ ಆ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. ಬೆಲ್ಲ ಮುಗಿದ ಮೇಲೂ ನನ್ನನ್ನು ಚೀಪುತ್ತಿದ್ದಳು. ಬಟ್ಟೆಯ ಜನ್ಮಕ್ಕೆ ಬಾಯಿಲ್ಲ. ಇದ್ದಿದ್ದರೆ ಬೇಡವೆಂದು ಕಿರುಚುತ್ತಿದ್ದೆ.

ಬರುಬರುತ್ತ ಬರಮಪ್ಪ ಬಿಳಿಚಿಕೊಂಡ. ಕರಗಿದ ಸೀಸ ಎತ್ತುವ ಸೌಟು ಹಿಡಿದರೆ ಕೈ ಜೋಲುತ್ತಿತ್ತು. ಹೆಂಡತಿ ರತ್ನವ್ವ ಅವನನ್ನೂ, ಸದಾ ಹೊಟ್ಟೆನೋವೆನ್ನುವ ಪಾರಿಯನ್ನೂ ದವಾಖಾನೆಗೆ ಕರೆದೊಯ್ದಳು. ಇಬ್ಬರ ರಕ್ತದಲ್ಲೂ ಸೀಸ ಸಿಕ್ಕಿತು.

"ಕಬ್ಬಿಣಕ್ಕ ಹಿಡದಂಗ ಮೈಯಾಗೂ ಒಂಥರಾ ತುಕ್ಕು ಹಿಡೀತಿರತೈತಿ," ಎಂದರು ಡಾಕ್ಟರು. "ಅದನ್ನ ತಡಿಯೋ ಕಾವಲುಗಾರರು ರಕ್ತದಾಗ ಇರತಾರ. ಸೀಸ ಅವರ ಕೈ ಕಟ್ಟಿ ಹಾಕತೈತಿ. ಆಮ್ಯಾಲೆ ರಕ್ತ, ನರ, ಕಿಡ್ನಿ ಎಲ್ಲಾ ಸವೀತಾವ."

"ಇಕಿ ಒಂದಿನಾನೂ ಶೆಡ್ಡಿಗೆ ಕಾಲಿಟ್ಟಾಕಿ ಅಲ್ರೀ," ಎಂದಳು ರತ್ನವ್ವ. "ಇಕಿಗೆ ಹೆಂಗ ಬಂತು?"

ಡಾಕ್ಟರ ಕಣ್ಣು ನನ್ನ ಮೇಲೆ ಬಿತ್ತು. "ಈ ವಸ್ತ್ರ ದಿನಾ ಮನೀಗೆ ಬರತೈತೇನು?"

ಬರಮಪ್ಪ ಬೆಲ್ಲ ಕಟ್ಟುತ್ತಿದ್ದ ನನ್ನ ಚುಂಗನ್ನು ಕೈಯಲ್ಲಿ ಹಿಡಿದ. "ಬೆಲ್ಲದ ಜೋಡಿ ನಾನ ತಿನಿಸೀನ್ರಿ," ಎಂದ.

ಸೀಸ ಇಳಿಸಲು ಮಾತ್ರೆ ಕೊಟ್ಟರು. ಸೀಸದಿಂದ ಮಗುವಿನ ಮಿದುಳಿಗೆ ಬಿದ್ದ ಪೆಟ್ಟಿಗೆ ಮಾತ್ರೆ ಇಲ್ಲವೆಂದರು. ಪಾರಿ ಇವತ್ತು ಕಲಿತ ಅಕ್ಷರವನ್ನು ನಾಳೆ ಮರೆಯುತ್ತಾಳೆ.

ನಾನೀಗ ಹಿತ್ತಲ ಬಚ್ಚಲ ಪಕ್ಕದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಬಿದ್ದಿದ್ದೇನೆ. ತೊಳೆದರೆ ನೀರು ಕೆಡುತ್ತದೆ, ಸುಟ್ಟರೆ ಗಾಳಿ ಕೆಡುತ್ತದೆ. ಚೊಕ್ಕವಾಗಿ ಸಾಯುವ ಭಾಗ್ಯವೂ ನನಗಿಲ್ಲ. ಬೇರೆ ಕೆಲಸ ಸಿಗದ ಬರಮಪ್ಪ ಅದೇ ಶೆಡ್ಡಿಗೆ ಹೋಗುತ್ತಾನೆ, ಸಂಜೆ ಮೊದಲು ಮೈಯ ಧೂಳು ತೊಳೆಯಲೆಂದು ಹಿತ್ತಲಿನಿಂದ ಬರುತ್ತಾನೆ. ಪಾರಿ ಓಡಿಬಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, "ದೂರ ನಿಲ್ಲವ್ವಾ," ಎನ್ನುತ್ತಾನೆ. ತಾನು ಏನು ತಪ್ಪು ಮಾಡಿದೆನೆಂದು ತಿಳಿಯದೆ ಆ ಕೂಸು ಅಲ್ಲೇ ನಿಲ್ಲುತ್ತದೆ.